ಹಳೆ ಪದ್ಮಿನಿಗೆ ಹೊಸ ಟಯರು

ಕಳೆದ ತಿಂಗಳು ಇಗರ್ಜಿಯ ಅಂಗಳದಲ್ಲಿ ನಮ್ಮ ವಾಳೆಯ ಗುರಿಕಾರರ ಮಗ ನನ್ನನ್ನು ಹಿಡಿದು ನಿಲ್ಲಿಸಿದ. ಗಲ್ಫಿನಿಂದ ರಜೆಗೆ ಬಂದವನು, ಯಾರಿಂದಲೋ 1989ರ ಪ್ರೀಮಿಯರ್ ಪದ್ಮಿನಿಯೊಂದನ್ನು ಕೊಂಡಿದ್ದಾನೆ. ಬಣ್ಣ ಹೊಡೆಸಿದ್ದಾನೆ, ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿದ್ದಾನೆ, ಬಂಪರಿಗೆ ಕ್ರೋಮ್ ಮಾಡಿಸಿದ್ದಾನೆ. “ಮಾಸ್ಟ್ರೇ, ಇನ್ನು ಟಯರು ಒಂದು ಬಾಕಿ. ಕಡಿಮೆ ಕ್ರಯದ್ದು ಯಾವುದು ಹಾಕಿದರಾದೀತು?” ಎಂದು ಕೇಳಿದ. ಕ್ರೋಮಿಗೆ ಎಷ್ಟು ಕೊಟ್ಟೆ ಎಂದು ನಾನು ಕೇಳಿದೆ. ಅವನು ಹೇಳಿದ ಮೊತ್ತದಲ್ಲಿ ನಾಲ್ಕು ಒಳ್ಳೆಯ ಟಯರು ಬರುತ್ತಿತ್ತು.

ಅವನನ್ನು ನಗಾಡಲು ನನಗೇನೂ ಹಕ್ಕಿಲ್ಲ. ನಾನು ಮಾಡಿದ್ದು ಅದಕ್ಕಿಂತ ದೊಡ್ಡ ಪೆದ್ದುತನ. ಈ ಸಲ ಅದನ್ನೇ ಬರೆಯುತ್ತೇನೆ.

ನಮ್ಮ ಮನೆಯ ಪದ್ಮಿನಿ ಮುಂಬಯಿಯಲ್ಲಿದ್ದ ದೊಡ್ಡಪ್ಪ ಕೊಂಡದ್ದು. ಕಾಸರಗೋಡಿನ ಕಡೆಯ ಎಷ್ಟೋ ಕುಟುಂಬಗಳಿಗೆ ಮುಂಬಯಿಯ ನಂಟು ಇದ್ದ ಕಾಲ. ಅಲ್ಲಿನ ಕುರ್ಲಾದ ಕಾರ್ಖಾನೆಯಲ್ಲಿ ಇಟಲಿಯ ಫಿಯಟ್ 1100ರ ಮಾದರಿಯಲ್ಲಿ ತಯಾರಾಗುತ್ತಿದ್ದ ಈ ಕಾರನ್ನು ಹಳಬರು ಇಂದಿಗೂ ‘ಫಿಯಟ್’ ಎಂದೇ ಕರೆಯುತ್ತಾರೆ. 1974ರ ಹೊತ್ತಿಗೆ ಪದ್ಮಿನಿ ಎಂಬ ಹೆಸರು ಬಂತು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯಾಗಿ ಅದರ ಓಟ 2023ರ ಅಕ್ಟೋಬರ್ ಕೊನೆಗೆ ಮುಗಿಯಿತು. 1089 ಸಿ.ಸಿ. ಎಂಜಿನು, ಸ್ಟಿಯರಿಂಗ್ ಪಕ್ಕದಲ್ಲೇ ಗೇರು, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ಎಂಜಿನಿನ ಬಲ ಹೋಗುವುದು ಹಿಂದಿನ ಚಕ್ರಗಳಿಗೆ. ಈ ಕೊನೆಯ ಮಾತು ನೆನಪಿರಲಿ.

2020ರಲ್ಲಿ ನಮ್ಮ ಕಾರಿನ ಮುಂದಿನ ಎರಡು ಟಯರು ಸವೆದು ಬೋಳಾಗಿದ್ದವು. ಹಿಂದಿನ ಎರಡರಲ್ಲಿ ಗೆರೆಗಳು ಹೊಸತರ ಹಾಗೆ ಆಳವಾಗಿದ್ದವು. ಕೊರೊನಾದ ಸಮಯ, ಕೈಯಲ್ಲಿ ದುಡ್ಡೂ ಬಿಗಿ. ಮುಂದಿನ ಎರಡನ್ನು ಮಾತ್ರ ಹೊಸ ರೇಡಿಯಲ್ ಹಾಕಿಸಿ, ಹಿಂದಿನ ಹಳೇ ನೈಲಾನ್ ಟಯರುಗಳನ್ನು ಹಾಗೇ ಬಿಟ್ಟೆ. ಉಳಿದದ್ದು ಎಂಟು ಸಾವಿರ ರೂಪಾಯಿ. ಜಾಣತನ ಮಾಡಿದೆ ಎಂದೇ ಮೂರು ವರ್ಷ ತಿಳಿದುಕೊಂಡಿದ್ದೆ.

2023ರ ಜೂನ್. ಮಳೆ ಹಿಡಿದು ಎರಡು ದಿನವಾಗಿತ್ತು. ಕುಂಬಳೆಯಿಂದ ಸೀತಾಂಗೋಳಿ ದಾಟಿ ನೀರ್ಚಾಲಿನ ಕಡೆ ಬರುತ್ತಿದ್ದೆವು. ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಮಗಳು, ಅವಳ ತೊಡೆಯ ಮೇಲೆ ನಿದ್ದೆಹೋದ ಮೂರು ವರ್ಷದ ಮೊಮ್ಮಗಳು. ಇಳಿಜಾರಿನ ಒಂದು ತಿರುವು. ಮುಳ್ಳು ನಲವತ್ತು ದಾಟಿರಲಿಲ್ಲ. ತಿರುವಿನ ನಡುವೆ ಒಂದು ನಾಯಿ ಅಡ್ಡ ಬಂತೆಂದು ಬ್ರೇಕ್ ಒತ್ತಿದೆ. ಮೂತಿ ನಾನು ತಿರುಗಿಸಿದ ಕಡೆಗೇ ಹೋಯಿತು, ಬಾಲ ಮಾತ್ರ ತನ್ನ ದಾರಿ ಹಿಡಿಯಿತು. ಒಂದು ಅರೆ ಸುತ್ತು. ಹಿಂದಿನ ಮಡ್‌ಗಾರ್ಡ್ ಯಾರದೋ ಮುರಕಲ್ಲಿನ ಪಾಗಾರಕ್ಕೆ ಬಡಿದು ಕಾರು ನಿಂತಿತು. ಪಾಗಾರ ಇಲ್ಲದಿದ್ದರೆ ಅದರಾಚೆ ತೋಡು, ತುಂಬಿ ಹರಿಯುತ್ತಿತ್ತು. ಮಗುವಿಗೆ ಎಚ್ಚರವಾಗಿ ಅತ್ತಿತು, ಅಷ್ಟೆ. ಯಾರಿಗೂ ಗಾಯವಾಗಲಿಲ್ಲ. ನನ್ನ ಕೈ ಮಾತ್ರ ಮನೆಗೆ ಬರುವವರೆಗೂ ನಡುಗುತ್ತಿತ್ತು.

ಮರುದಿನ ಮೆಕ್ಯಾನಿಕ್ ಬಂದವನು ಬ್ರೇಕನ್ನು ನೋಡಲೇ ಇಲ್ಲ. ಹಿಂದಿನ ಟಯರಿನ ಬಳಿ ಕುಕ್ಕರುಗಾಲಲ್ಲಿ ಕುಳಿತು, ಉಗುರಿನಿಂದ ರಬ್ಬರನ್ನು ಒತ್ತಿ ನೋಡಿದ. ಉಗುರು ಇಳಿಯಲಿಲ್ಲ. “ಮಾಸ್ಟ್ರೇ, ಇದು ಟಯರಲ್ಲ, ಕರಟ” ಎಂದ. ಆಮೇಲೆ ಪಕ್ಕೆಯಲ್ಲಿದ್ದ ನಾಲ್ಕು ಅಂಕೆ ತೋರಿಸಿದ: 3408. ಅಂದರೆ 2008ನೇ ಇಸವಿಯ 34ನೇ ವಾರದಲ್ಲಿ ತಯಾರಾದದ್ದು. ಹದಿನೈದು ವರ್ಷಕ್ಕೆ ಎರಡು ತಿಂಗಳು ಕಡಿಮೆ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ ನನಗೆ ಆ ನಾಲ್ಕು ಅಂಕೆಯನ್ನು ಓದಲು ಗೊತ್ತಿರಲಿಲ್ಲ.

ರಬ್ಬರು ಓಡಿ ಮಾತ್ರ ಹಾಳಾಗುವುದಲ್ಲ, ಕೂತೂ ಹಾಳಾಗುತ್ತದೆ. ಬಿಸಿಲು, ಗಾಳಿ ತಾಗಿ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತದೆ. ಮೆತ್ತಗಿರುವ ರಬ್ಬರು ಡಾಮರಿನ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಒತ್ತಿಕೊಂಡು ಹಿಡಿಯುತ್ತದೆ. ಗಟ್ಟಿಯಾದದ್ದು ಮೇಲಿಂದ ಮೇಲೆ ಜಾರುತ್ತದೆ. ಗೆರೆ ಎಷ್ಟೇ ಆಳವಿರಲಿ, ಗೆರೆಯ ಕೆಲಸ ನೀರನ್ನು ಹೊರಹಾಕುವುದು, ಹಿಡಿಯುವ ಕೆಲಸ ರಬ್ಬರಿನದು. ದಿನಾ ಓಡುವ ಕಾರಿನಲ್ಲಿ ಟಯರು ಮುಪ್ಪಾಗುವ ಮೊದಲೇ ಸವೆಯುತ್ತದೆ. ನಮ್ಮಂಥವರ ಹಳೇ ಕಾರು ಮದುವೆಗೆ, ಆಸ್ಪತ್ರೆಗೆ, ಆದಿತ್ಯವಾರಕ್ಕೆ ಮಾತ್ರ ಹೊರಡುತ್ತದೆ, ಆದ್ದರಿಂದ ಅದರ ಟಯರು ಸವೆಯದೆ ಮುಪ್ಪಾಗುತ್ತದೆ. ಕಣ್ಣಿಗೆ ಹೊಸತು, ರಸ್ತೆಗೆ ಕರಟ. ಆರನೇ ವರ್ಷದಿಂದ ಅನುಮಾನದಿಂದಲೇ ನೋಡಬೇಕು. ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಇಸವಿ ಕೇಳಲೂ ಬೇಡಿ, ಬದಲಾಯಿಸಿ. ಹತ್ತು ವರ್ಷ ದಾಟಿದ್ದನ್ನು ಯಾವ ಕಾರಣಕ್ಕೂ ಇಟ್ಟುಕೊಳ್ಳಬಾರದು.

ನನ್ನ ಎರಡನೆಯ ತಪ್ಪು ಇನ್ನೂ ದೊಡ್ಡದು. ನಾವು ನೈಲಾನ್ ಎನ್ನುವ ಹಳೆಯ ಬಗೆಯ ಟಯರಿನಲ್ಲಿ, ಅಂದರೆ ಕ್ರಾಸ್ ಪ್ಲೈಯಲ್ಲಿ, ಒಳಗಿನ ದಾರಗಳು ಓರೆಯಾಗಿ ಒಂದರ ಮೇಲೊಂದು ಹಾಯುತ್ತವೆ. ತಿರುವಿನಲ್ಲಿ ಪಕ್ಕೆ ಬಾಗಿದರೆ ತಳವೂ ಅದರೊಂದಿಗೆ ಎದ್ದು ಬಿಡುತ್ತದೆ. ರೇಡಿಯಲ್ಲಿನಲ್ಲಿ ದಾರಗಳು ನೇರ ಅಡ್ಡಕ್ಕೆ, ತಳದಡಿಯಲ್ಲಿ ಉಕ್ಕಿನ ಪಟ್ಟಿ. ಪಕ್ಕೆ ಬಾಗಿದರೂ ತಳ ರಸ್ತೆಗೆ ಚಪ್ಪಟೆಯಾಗಿ ಅಂಟಿಕೊಂಡೇ ಇರುತ್ತದೆ. ಹೀಗಿರುವಾಗ ಮುಂದೆ ರೇಡಿಯಲ್, ಹಿಂದೆ ನೈಲಾನ್ ಹಾಕಿದರೆ ಏನಾದೀತು? ಮುಂದಿನದು ಗಟ್ಟಿ ಹಿಡಿಯುತ್ತದೆ, ಹಿಂದಿನದು ಕೈಬಿಡುತ್ತದೆ. ಅಂದು ಆದದ್ದು ಅದೇ. ಎರಡು ಬಗೆಯನ್ನು ಬೆರೆಸಲೇಬಾರದು. ಎರಡೇ ಹೊಸ ಟಯರಿಗೆ ಮಾತ್ರ ದುಡ್ಡಿದ್ದರೆ ಅವು ಹೋಗಬೇಕಾದದ್ದು ಹಿಂದಕ್ಕೆ. ಸ್ಟಿಯರಿಂಗ್ ಇರುವುದು ಮುಂದೆ, ಹೊಸತು ಮುಂದೆ ಇರಲಿ ಎಂದು ಹೇಳುವವರು ಬಹಳ. ನಾನೂ ಹಾಗೇ ಎಣಿಸಿದ್ದೆ. ಮೂತಿ ಜಾರಿದರೆ ಕಾಲು ಸಡಿಲಿಸಿ ಸುಧಾರಿಸಬಹುದು, ಬಾಲ ಜಾರಿದರೆ ನಮ್ಮಂಥವರ ಕೈಗೆ ಕಾರು ಮತ್ತೆ ಸಿಗುವುದಿಲ್ಲ.

ಇನ್ನು ಅಳತೆ. ಪದ್ಮಿನಿಯ ಮೂಲ ಟಯರು 5.20-14, ಅಂದರೆ ಅಗಲ 5.20 ಇಂಚು, ರಿಮ್ಮಿನ ವ್ಯಾಸ 14 ಇಂಚು. ರೇಡಿಯಲ್ಲಿನಲ್ಲಿ ಇದಕ್ಕೆ ಹತ್ತಿರದ್ದು 155/80 ಆರ್14. ನಾನು ಕೇಳಿದ ಮೂರು ಅಂಗಡಿಗಳಲ್ಲಿ ಅದು ಇರಲಿಲ್ಲ. ಆದರೆ 165/80 ಆರ್14 ಎಲ್ಲೆಡೆ ಸಿಗುತ್ತದೆ. ಕಾರಣ ಸರಳ: ಮಾರುತಿ ಸ್ವಿಫ್ಟ್, ಡಿಜೈರ್ ಕಾರುಗಳ ಕೆಳಗಿನ ಮಾದರಿಗಳಲ್ಲಿ ಬಂದದ್ದು ಇದೇ ಅಳತೆ. ಲಕ್ಷಗಟ್ಟಲೆ ಕಾರಿಗೆ ಬೇಕಾದ ಟಯರು ಅಂಗಡಿಯಲ್ಲಿ ತಾಜಾ ಇರುತ್ತದೆ, ಕ್ರಯವೂ ಹಿಡಿತದಲ್ಲಿರುತ್ತದೆ. 2023ರಲ್ಲಿ ನಾನು ಒಂದಕ್ಕೆ ಕೊಟ್ಟದ್ದು ನಾಲ್ಕೂವರೆ ಸಾವಿರದ ಆಸುಪಾಸು. 2025ರ ಸೆಪ್ಟೆಂಬರ್ 22ರಿಂದ ಟಯರಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಬಿಲ್ಲು ಕೇಳಿ ಪಡೆಯಿರಿ.

‘ಹದಿನಾಲ್ಕು ಇಂಚಿನದು ಯಾವುದಾದರೂ ಆಗುತ್ತದೆ’ ಎಂದು ಅಂಗಡಿಯವರು ಹೇಳುವುದುಂಟು. ಆಗುವುದಿಲ್ಲ. 155/65 ಆರ್14 ಅಗ್ಗಕ್ಕೆ ಸಿಗುತ್ತದೆಂದು ಇಟ್ಟುಕೊಳ್ಳಿ. 65 ಎಂದರೆ ಪಕ್ಕೆಯ ಎತ್ತರ ಅಗಲದ ಶೇಕಡಾ 65. ಲೆಕ್ಕ ಹಾಕಿದರೆ ಇಡೀ ಚಕ್ರದ ವ್ಯಾಸ 557 ಮಿಲಿಮೀಟರ್, 155/80ರದು 604. ಕಾರು 23 ಮಿಲಿಮೀಟರ್ ಕೆಳಗೆ ಕೂರುತ್ತದೆ, ನಮ್ಮ ಹಂಪುಗಳಿಗೆ ಹೊಟ್ಟೆ ತಾಗುತ್ತದೆ. ಮುಳ್ಳು 60 ತೋರಿಸುವಾಗ ನೀವು ಓಡುತ್ತಿರುವುದು 55ರಲ್ಲಿ. 165/80ರ ವ್ಯಾಸ 620. ತುಸು ಹೆಚ್ಚಾದರೂ ಕಾರಿಗೆ ಒಗ್ಗುತ್ತದೆ. ಇದಕ್ಕಿಂತ ಅಗಲದ್ದು ಬೇಡ, ಪದ್ಮಿನಿಯ ರಿಮ್ಮು ಕಿರಿದು. ಹಾಕಿಸಿದ ಮೇಲೆ ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ಟಯರು ಎಲ್ಲೂ ತಾಗುವುದಿಲ್ಲವೆಂದು ನೋಡಿಯೇ ಅಂಗಡಿಯಿಂದ ಹೊರಡಿ. ಭಾರ ಹೊರುವ ಅಂಕೆ 85 ಎಂದಿದ್ದರೆ ಒಂದು ಟಯರು 515 ಕಿಲೋ ಹೊರುತ್ತದೆ. ಖಾಲಿ ಇರುವಾಗ ಒಂದು ಟನ್ನೂ ತೂಗದ ಕಾರಿಗೆ ಅದು ಧಾರಾಳ.

ಯಾವ ಕಂಪೆನಿಯದು ಒಳ್ಳೆಯದು ಎಂದು ಕೇಳುವವರಿಗೆ ನನ್ನಲ್ಲಿ ಒಂದೇ ಮಾತು. ‘ಬಹಳ ಬಾಳಿಕೆ’ ಎಂದು ಹೊಗಳುವುದನ್ನು ಬಿಟ್ಟು ‘ಮಳೆಯಲ್ಲಿ ಹಿಡಿತ’ ಎಂದು ಹೇಳುವುದನ್ನು ತೆಗೆದುಕೊಳ್ಳಿ. ಹೆಚ್ಚು ಬಾಳುವ ರಬ್ಬರು ಸಾಮಾನ್ಯವಾಗಿ ಗಟ್ಟಿ, ಹಿಡಿಯುವ ರಬ್ಬರು ಮೆತ್ತಗೆ. ನಮ್ಮ ಕಾರು ವರ್ಷಕ್ಕೆ ಎರಡೂವರೆ ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಆರು ವರ್ಷಕ್ಕೆ 15,000. ಅಷ್ಟರಲ್ಲಿ ಯಾವ ಟಯರೂ ಸವೆಯುವುದಿಲ್ಲ, ವಯಸ್ಸಾಗಿಯೇ ಹೋಗುತ್ತದೆ. ಓಡದ ಮೈಲಿಗೆ ಯಾಕೆ ದುಡ್ಡು ಕೊಡಬೇಕು? ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರು ನಮ್ಮದು. ಒದ್ದೆ ರಸ್ತೆಯ ಹಿಡಿತದ ಪರೀಕ್ಷೆಯನ್ನು ಕೇಂದ್ರ ಸರಕಾರವೂ 2022ರ ಅಧಿಸೂಚನೆಯಲ್ಲಿ ಟಯರುಗಳಿಗೆ ಕಡ್ಡಾಯ ಮಾಡಿದೆ.

ಬೋಳು ಟಯರಿಗೆ ಗೆರೆ ಕೆತ್ತಿಸಿಕೊಡುವವರಿದ್ದಾರೆ. ಆ ಬಾಗಿಲಿಗೆ ಹೋಗಲೇಬೇಡಿ. ಉಳಿದಿರುವ ತೆಳು ರಬ್ಬರನ್ನೇ ಕೊರೆದು, ಉಕ್ಕಿನ ಪಟ್ಟಿ ಕಾಣುವವರೆಗೆ ಬಗೆದಿಡುತ್ತಾರೆ. ಸೆಕೆಂಡ್ ಹ್ಯಾಂಡ್ ಟಯರು ಕೊಳ್ಳುವುದಿದ್ದರೆ ಮೊದಲು ಆ ನಾಲ್ಕು ಅಂಕೆ ಓದಿ, ಆಮೇಲೆ ಕ್ರಯ ಕೇಳಿ. ಹೊಸತಿನಲ್ಲೂ ಓದಿ, ಅಂಗಡಿಯ ಅಟ್ಟದಲ್ಲಿ ಮೂರು ವರ್ಷ ಕೂತದ್ದನ್ನು ಹೊಸತೆಂದು ಕೊಡುವುದುಂಟು. ಗೆರೆಯ ತಳದಲ್ಲಿ ಅಲ್ಲಲ್ಲಿ ಸಣ್ಣ ಅಡ್ಡ ಉಬ್ಬು ಇರುತ್ತದೆ, ಅದರ ಎತ್ತರ 1.6 ಮಿಲಿಮೀಟರ್. ಟಯರು ಅಲ್ಲಿಯವರೆಗೆ ಸವೆದರೆ ಆಯುಷ್ಯ ಮುಗಿಯಿತು. ನಮ್ಮ ಮಳೆಗೆ ಅಷ್ಟರವರೆಗೂ ಕಾಯಬಾರದು ಎಂಬುದು ನನ್ನ ಅಭಿಪ್ರಾಯ.

ಹಳೇ ರಿಮ್ಮು ಟ್ಯೂಬಿಗಾಗಿ ಮಾಡಿದ್ದು. ಟ್ಯೂಬ್‌ಲೆಸ್ ಟಯರು ಹಾಕಿದರೂ ಒಳಗೆ ರೇಡಿಯಲ್ಲಿಗೆ ತಕ್ಕ ಹೊಸ ಟ್ಯೂಬು ಹಾಕಿಸಿ. ರೇಡಿಯಲ್ಲಿನ ಪಕ್ಕೆ ಯಾವಾಗಲೂ ಸ್ವಲ್ಪ ಉಬ್ಬಿದಂತೆ ಕಾಣುತ್ತದೆ. ಗಾಳಿ ಕಡಿಮೆಯಾಯಿತೆಂದು ಹೆದರಿ ತುಂಬಿಸುತ್ತಾ ಹೋಗಬೇಡಿ, ಬೆಳಿಗ್ಗೆ ಟಯರು ತಣ್ಣಗಿರುವಾಗ ಅಳೆಯಿರಿ. ನನ್ನ ಕಾರಿಗೆ ಮುಂದೆ 26, ಹಿಂದೆ 28 ಹಿಡಿಸುತ್ತೇನೆ. ನೈಟ್ರೋಜನ್ ಬೇಕೇ ಎಂದು ಪಂಪಿನವರು ಕೇಳುತ್ತಾರೆ. ಪುಕ್ಕಟೆ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ. ರೇಡಿಯಲ್ ಹಾಕಿದ ಮೇಲೆ ಕಾರು ನಿಲ್ಲಿಸುವಾಗ ಸ್ಟಿಯರಿಂಗ್ ಸ್ವಲ್ಪ ಭಾರ ಅನಿಸುತ್ತದೆ, ತೋಳಿಗೆ ವ್ಯಾಯಾಮ ಎಂದುಕೊಳ್ಳಿ. ಹೊಸ ಟಯರಿನ ಮೇಲೆ ಅಚ್ಚಿನ ಜಿಡ್ಡು ಇರುತ್ತದೆ, ಮೊದಲ ನೂರಿನ್ನೂರು ಕಿಲೋಮೀಟರ್ ಜೋಪಾನ.

ಅಂದು ಮಡ್‌ಗಾರ್ಡಿಗೆ ಆದ ಖರ್ಚು, ಪಾಗಾರದವರಿಗೆ ಕಟ್ಟಿಸಿಕೊಟ್ಟದ್ದು ಸೇರಿ ಹನ್ನೊಂದು ಸಾವಿರ. ಅದರ ಮೇಲೆ ಹಿಂದಕ್ಕೆ ಎರಡು, ಸ್ಟೆಪ್ನಿಗೆ ಒಂದು, ಒಟ್ಟು ಮೂರು ಟಯರು ಕೊಂಡೆ. “ಅಂದು ಉಳಿಸಿದ್ದು ಎಷ್ಟು ಅಂದ್ರಿ?” ಎಂದು ಹೆಂಡತಿ ಒಮ್ಮೆ ಮಾತ್ರ ಕೇಳಿದಳು. ಮಗಳು ಏನೂ ಕೇಳಲಿಲ್ಲ. ಆದರೆ ಆ ಮಳೆಗಾಲ ಮುಗಿಯುವವರೆಗೆ ಮಗುವನ್ನು ಕರೆದುಕೊಂಡು ನನ್ನ ಕಾರು ಹತ್ತಲಿಲ್ಲ, ಬಸ್ಸಿನಲ್ಲೇ ಬಂದು ಹೋದಳು.

ಗುರಿಕಾರರ ಮಗನಿಗೆ ಇದಿಷ್ಟನ್ನೂ ಹೇಳಿ, ಟಾರ್ಚು ಹಿಡಿದು ಐದೂ ಟಯರಿನ ಅಂಕೆ ಬರೆದು ತಾ ಎಂದೆ. ಸಂಜೆ ಫೋನು ಬಂತು. ನಾಲ್ಕರ ಮೇಲೆ 1914. ಡಿಕ್ಕಿಯಲ್ಲಿರುವ ಸ್ಟೆಪ್ನಿಯ ಮೇಲೆ ಮಾತ್ರ ಮೂರೇ ಅಂಕೆ, ನಾಲ್ಕನೆಯದು ಅಳಿಸಿಹೋಗಿರಬೇಕು ಎಂದ. ಅಳಿಸಿದ್ದಲ್ಲ ಮಾರಾಯ, ಮೂರಂಕೆ ಹಾಕುತ್ತಿದ್ದದ್ದು 2000ಕ್ಕೆ ಮೊದಲು ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಈಗ ಆ ಟಯರು ಅವರ ಮನೆಯ ಹಲಸಿನ ಮರದಲ್ಲಿ ಮಕ್ಕಳ ಉಯ್ಯಾಲೆಯಾಗಿದೆ.