ನಡುಗಡ್ಡೆಯಲ್ಲೊಂದು ಮನೆ

ಕಳೆದ ಶ್ರಾವಣದ ಕೊನೆಯ ಸೋಮವಾರ ಮಾನ್ವಿ ತಾಲೂಕಿನ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ರಾಯಚೂರಿನ ನಮ್ಮ ಮನೆಗೆ ದಯಮಾಡಿಸಿದ್ದರು. ಬಾಲ್ಯದಲ್ಲಿ ಅವರೂ ನಾನೂ ಒಂದೇ ಮಠದ ಪಾಠಶಾಲೆಯಲ್ಲಿ ಓದಿದವರು, ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರು. ಪ್ರಸಾದ ಮುಗಿದ ಮೇಲೆ ಕೈಚೀಲದೊಳಗಿಂದ ನುಣುಪಾದ ಕಾಗದದ ಪುಸ್ತಿಕೆಯೊಂದನ್ನು ತೆಗೆದು ನನ್ನ ಮುಂದಿಟ್ಟರು. ನೀಲಿಯ ಕಡಲು, ಬಾಗಿದ ತೆಂಗಿನ ಮರಗಳು, ಏಳಂತಸ್ತಿನ ಬಿಳಿಯ ಕಟ್ಟಡ, ಅದರ ಮಾಳಿಗೆಯ ಮೇಲೊಂದು ಈಜುಕೊಳ.

"ಶಾಸ್ತ್ರಿಗಳೆ, ಹುಡುಗ ಇಲ್ಲೊಂದು ಮನಿ ತಗೋತೀನಿ ಅಂತ ಹಟ ಹಿಡಿದಾನ್ರಿ. ಕಾಲುವಿ ಕೆಳಗಿನ ನಾಲ್ಕು ಎಕರೆ ಮಾರ್ರಿ ಅಂತಾನ. ಎಷ್ಟು ಹೇಳಿದ್ರೂ ಕೇಳವಲ್ಲ. ಇದನ್ನ ಓದಿ ನೀವೊಂದು ಮಾತು ಹೇಳ್ರಿ" ಎಂದರು.

ಮಗನು ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವವನು. ಹೆಂಡತಿಯೊಡನೆ ಥೈಲ್ಯಾಂಡಿನ ಫುಕೆಟ್ ದ್ವೀಪಕ್ಕೆ ವಿಹಾರ ಹೋಗಿ ಬಂದಿದ್ದಾನೆ. ಅಲ್ಲಿಂದ ಬಂದ ಎರಡು ತಿಂಗಳಲ್ಲಿ ಹೈದರಾಬಾದಿನ ದೊಡ್ಡ ಹೋಟೆಲೊಂದರಲ್ಲಿ ಯಾವುದೋ ಕಂಪನಿಯವರು ಸಂಜೆಯ ಸಭೆ ಕರೆದು, ಚಿತ್ರ ತೋರಿಸಿ, ಊಟ ಹಾಕಿ, ಎರಡು ಲಕ್ಷ ರೂಪಾಯಿ ಮುಂಗಡವನ್ನು ಆಗಲೇ ಕಟ್ಟಿಸಿಕೊಂಡಿದ್ದಾರೆ. ಉಳಿದದ್ದು ಸುಮಾರು 60 ಲಕ್ಷ.

ದ್ವೀಪದ ಮೇಲೊಂದು ಮನೆ ಇರಬೇಕೆಂಬ ಆಸೆಯನ್ನು ನಾನು ಹಳಿಯಲಾರೆ. ನಮ್ಮ ಜಿಲ್ಲೆಯ ಬಿಸಿಲಿನಲ್ಲಿ ಬೆಳೆದವನಿಗೆ ನಾಲ್ಕೂ ಕಡೆ ನೀರಿರುವ ಸ್ಥಳವು ಮನಸ್ಸನ್ನು ಸೆಳೆಯುವುದು ಸಹಜವೇ. ಹಾಗೆ ನೋಡಿದರೆ ನಾವು ರಾಯಚೂರಿನವರೂ ದ್ವೀಪವಾಸಿಗಳೇ. ಸಂಸ್ಕೃತದ 'ದ್ವೀಪ' ಶಬ್ದವು 'ದ್ವಿ' ಮತ್ತು 'ಅಪ್' ಎಂಬೆರಡು ಶಬ್ದಗಳಿಂದಾದುದು. ಎರಡು ಕಡೆ ನೀರುಳ್ಳದ್ದು ಎಂದರ್ಥ. ಫಾರಸಿಯ 'ದೋಆಬ್' ಎಂಬುದರ ಅರ್ಥವೂ ಎರಡು ನೀರು ಎಂದೇ. ಎರಡೂ ಒಂದೇ ಬೇರಿನ ಶಬ್ದಗಳು. ಕೃಷ್ಣೆ ತುಂಗಭದ್ರೆಗಳ ನಡುವಿನ ನಮ್ಮ ನೆಲವನ್ನು ಶಾಸನಗಳು 'ಎಡೆದೊರೆ ನಾಡು' ಎಂದು ಕರೆದವು, ತೊರೆಗಳ ಎಡೆಯಲ್ಲಿರುವ ನಾಡು. ನಾನು ಇದನ್ನು ಹೇಳಿದಾಗ ಮಾಸ್ತರರು ನಕ್ಕು, "ಅದು ಖರೆರಿ, ಆದ್ರ ಈ ದೋಆಬದಾಗ ಟೇಲೆಂಡಿಗೆ ನೀರು ಬರೂದಿಲ್ಲಲ್ಲ" ಎಂದರು.

ಆ ಮಾತಿನಲ್ಲಿಯೇ ಮಗನ ವಾದವೂ ಇತ್ತು. ದೂರವಾಣಿಯಲ್ಲಿ ನಾನು ಅವನೊಡನೆ ಮಾತನಾಡಿದೆ. "ಕಾಕಾ, ಎಡದಂಡೆ ಕಾಲುವೆಯ ಕೊನೆಯ ಭಾಗದ ಹೊಲ ಅದು. ಒಂದು ವರ್ಷ ನೀರು ಬಂದರೆ ಮೂರು ವರ್ಷ ಕಾಯಬೇಕು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಕೊಂಡು ಹೋದ ರಾತ್ರಿ ಅಪ್ಪ ನಿದ್ದೆಯನ್ನೇ ಮಾಡಲಿಲ್ಲ. ಈ ವಯಸ್ಸಿನಲ್ಲಿ ಅವರಿಗೆ ಆ ಚಿಂತೆ ಯಾಕೆ? ಅಲ್ಲಿ ಮನೆ ತೆಗೆದುಕೊಂಡರೆ ತಿಂಗಳು ತಿಂಗಳು ಬಾಡಿಗೆ ಬರುತ್ತದೆ" ಎಂದನು. ಹುಡುಗನು ಅವಿವೇಕಿಯಲ್ಲ. ತಂದೆಯ ಮೇಲಿನ ಅಕ್ಕರೆಯಿಂದಲೇ ಈ ಮಾತು ಹೊರಟಿದೆ ಎಂಬುದು ನನಗೆ ಸ್ಪಷ್ಟವಾಯಿತು. ಆದುದರಿಂದ ಕಾಗದಗಳನ್ನೆಲ್ಲ ಕಳುಹಿಸಿಕೊಡು, ಓದಿ ಹೇಳುತ್ತೇನೆ ಎಂದೆ. ರಾಯಚೂರಿನ ಪರಿಚಯದ ವಕೀಲರೊಬ್ಬರನ್ನೂ ಜೊತೆಗೆ ಕೂಡಿಸಿಕೊಂಡು ಎರಡು ದಿನ ಓದಿದೆವು.

ಪುಸ್ತಿಕೆಯಲ್ಲಿ 'ನಿಮ್ಮ ಸ್ವಂತ ಮನೆ' ಎಂದು ದಪ್ಪ ಅಕ್ಷರಗಳಲ್ಲಿತ್ತು. ಕರಾರು ಪತ್ರದ ಹನ್ನೊಂದನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿದ್ದುದು ಬೇರೆ: 30 ವರ್ಷಗಳ ಗೇಣಿ, ಬಳಿಕ ಮತ್ತೆ 30, ಮತ್ತೆ 30 ವರ್ಷಕ್ಕೆ ನವೀಕರಿಸಿಕೊಡುವ 'ಆಶ್ವಾಸನೆ'. ನಮ್ಮ ಕಡೆ ಹೊಲವನ್ನು ಲಾವಣಿಗೆ ಹಾಕಿಕೊಂಡಂತೆ ಇದು. ವ್ಯತ್ಯಾಸವೆಂದರೆ ನಾವು ಲಾವಣಿಯನ್ನು ವರ್ಷ ವರ್ಷ ಕೊಡುತ್ತೇವೆ. ಇಲ್ಲಿ ಮೂವತ್ತು ವರ್ಷದ್ದನ್ನು ಒಂದೇ ಸಲ ಕೊಟ್ಟು ಅದಕ್ಕೆ ಖರೀದಿ ಎಂದು ಹೆಸರಿಡುತ್ತಾರೆ.

ಇಲ್ಲಿ ಥೈಲ್ಯಾಂಡಿನ ಕಾಯಿದೆಯನ್ನು ಸ್ವಲ್ಪ ವಿವರಿಸಬೇಕು. ಆ ದೇಶದಲ್ಲಿ ಪರದೇಶದವನು ಸಾಮಾನ್ಯವಾಗಿ ನೆಲವನ್ನು ಕೊಳ್ಳುವಂತಿಲ್ಲ. ಆದರೆ 1979ರ ಅವರ ಕಾಂಡೊಮಿನಿಯಂ ಕಾಯಿದೆಯು, ಮುಂದಿನ ತಿದ್ದುಪಡಿಗಳ ಮೂಲಕ, ನೋಂದಾಯಿತ ಬಹುಮಹಡಿ ಕಟ್ಟಡದಲ್ಲಿ ಒಂದು ಮನೆಯ ಪೂರ್ಣ ಒಡೆತನವನ್ನು ಅವನಿಗೆ ಅನುಮತಿಸುತ್ತದೆ. ಕಾಂಡೊಮಿನಿಯಂ ಎಂಬುದು ಲ್ಯಾಟಿನ್ ಮೂಲದ ಶಬ್ದ. ಸಹಸ್ವಾಮ್ಯ ಎಂದು ನಾವು ಅನುವಾದಿಸಿಕೊಳ್ಳಬಹುದು. ಗೋಡೆಗಳ ಒಳಗಿನದು ನಿನ್ನದು; ಮೆಟ್ಟಿಲು, ಮಾಳಿಗೆ, ಕೆಳಗಿನ ನೆಲ ಎಲ್ಲರದು. ನಮ್ಮಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯೂ ಇದೇ ತತ್ತ್ವದ್ದು. ಆದರೆ ಅಲ್ಲಿ ಒಂದು ಮಿತಿಯುಂಟು: ಕಟ್ಟಡದ ಎಲ್ಲ ಮನೆಗಳ ಒಟ್ಟು ವಿಸ್ತೀರ್ಣದಲ್ಲಿ ಪರದೇಶದವರ ಪಾಲು ಶೇ. 49ನ್ನು ಮೀರಬಾರದು. ಆ ಪಾಲು ತುಂಬಿದ ಮೇಲೆ ಬಂದ ಪರದೇಶದವನಿಗೆ ಉಳಿಯುವುದು ಗೇಣಿಯೊಂದೇ. ಮನೆಯ ಗೇಣಿಗೆ ಅವರ ಕಾಯಿದೆ ವಿಧಿಸಿರುವ ಪರಮಾವಧಿ 30 ವರ್ಷ. ನವೀಕರಣದ ಮಾತು ಮಾತಾಗಿಯೇ ಉಳಿಯುತ್ತದೆ; ಮೂವತ್ತು ವರ್ಷದ ಬಳಿಕ ಆ ನೆಲದ ಒಡೆಯನು ಯಾರಾಗಿರುತ್ತಾನೋ ಅವನು ಅದಕ್ಕೆ ಕಟ್ಟುಬೀಳಬೇಕೆಂದಿಲ್ಲ. ಗೇಣಿದಾರನು ನಡುವೆಯೇ ತೀರಿಕೊಂಡರೆ, ಕರಾರಿನಲ್ಲಿ ಬೇರೆ ಏರ್ಪಾಡು ಬರೆಯದ ಹೊರತು, ಗೇಣಿಯೂ ಅವನೊಡನೆಯೇ ಮುಗಿಯುತ್ತದೆ. ಮಾಸ್ತರರ ಮಗನಿಗೆ ಈಗ 34 ವರ್ಷ. ಗೇಣಿ ಮುಗಿಯುವಾಗ 64, ಎಂದರೆ ಹೆಚ್ಚು ಕಡಿಮೆ ಈಗಿನ ನನ್ನ ವಯಸ್ಸು. ಮನೆ ಬೇಕಾಗುವ ಕಾಲವೇ ಅದು.

ಪೂರ್ಣ ಒಡೆತನದ ಮನೆಯಾಗಿದ್ದರೆ ಮಾತು ಬೇರೆಯಾಗುತ್ತಿತ್ತು. ಆಗ ಮಾಲೀಕರ ಸಂಘದಿಂದ 'ಪರದೇಶದವರ ಪಾಲಿನಲ್ಲಿ ಇನ್ನೂ ಸ್ಥಳವಿದೆ' ಎಂಬ ಪತ್ರ, ಭೂದಾಖಲೆ ಕಚೇರಿಯ ಹಕ್ಕುಪತ್ರ, ಹಣವು ವಿದೇಶೀ ನಾಣ್ಯವಾಗಿಯೇ ಆ ದೇಶವನ್ನು ಪ್ರವೇಶಿಸಿತೆಂಬುದಕ್ಕೆ ಅಲ್ಲಿಯ ಬ್ಯಾಂಕಿನ ದಾಖಲೆ, ಇಷ್ಟನ್ನು ಕೇಳಿ ಪಡೆಯಬೇಕು. ಅಂತಹ ಮನೆಗೆ ಉತ್ತರಾಧಿಕಾರವೂ ಉಂಟು. ಆದರೆ ವಾರಸುದಾರನು ಆ ಕಾಯಿದೆ ಹೇಳುವ ಅರ್ಹತೆಗಳೊಳಗೆ ಬಾರದಿದ್ದರೆ ಒಂದು ವರ್ಷದೊಳಗೆ ಮಾರಬೇಕಾಗುತ್ತದೆ.

ಬಾಡಿಗೆಯ ವಿಷಯಕ್ಕೆ ಬರೋಣ. ವರ್ಷಕ್ಕೆ ಶೇ. 7 ಖಚಿತ ಆದಾಯ ಎಂದು ಸಭೆಯಲ್ಲಿ ಹೇಳಿದ್ದರಂತೆ. ಥೈಲ್ಯಾಂಡಿನ 2004ರ ಹೋಟೆಲ್ ಕಾಯಿದೆಯಂತೆ ತಿಂಗಳಿಗಿಂತ ಕಡಿಮೆ ಅವಧಿಗೆ, ದಿನದ ಲೆಕ್ಕದಲ್ಲಿ, ಪ್ರವಾಸಿಗರಿಗೆ ಕೊಠಡಿ ಕೊಡುವುದಕ್ಕೆ ಹೋಟೆಲ್ ಪರವಾನಗಿ ಬೇಕು. ಈ ಕಟ್ಟಡಕ್ಕೆ ಆ ಪರವಾನಗಿ ಉಂಟೋ ಇಲ್ಲವೋ ಎಂದು ಹುಡುಗನು ಪತ್ರ ಬರೆದು ಕೇಳಿದನು. ಉತ್ತರವಾಗಿ ಮತ್ತೊಂದು ಬಣ್ಣದ ಪುಸ್ತಿಕೆ ಬಂದಿತು! ನಮ್ಮ ಕೃಷ್ಣೆಯನ್ನು ತುಂಬಿಸುವ ನೈರುತ್ಯ ಮಾರುತವೇ ಫುಕೆಟ್ಟಿನ ಪಶ್ಚಿಮ ತೀರಕ್ಕೂ ಮಳೆ ಸುರಿಸುತ್ತದೆ. ಮೇ ತಿಂಗಳಿಂದ ಅಕ್ಟೋಬರದವರೆಗೆ ಕಡಲು ಒರಟು, ಪ್ರವಾಸಿಗರು ವಿರಳ. ಶೇ. 7ರ ಲೆಕ್ಕದಲ್ಲಿ ಆ ಆರು ತಿಂಗಳು ಎಲ್ಲಿ ಹೋದವೆಂಬುದು ತಿಳಿಯದು. 2004ರ ಡಿಸೆಂಬರ್ 26ರ ಸುನಾಮಿ ಬಡಿದುದೂ ಇದೇ ಪಶ್ಚಿಮ ತೀರಕ್ಕೆ.

ಹಣವನ್ನು ಕಳುಹಿಸುವ ಬಗೆಯನ್ನು ಮನೆಮಂದಿಯೆಲ್ಲ ತಿಳಿದಿರಬೇಕು, ಏಕೆಂದರೆ ಇದು ಫುಕೆಟ್ಟಿಗೆ ಮಾತ್ರವಲ್ಲ, ದುಬೈಗೂ ಬಾಲಿಗೂ ಮಾರಿಷಸ್ಸಿಗೂ ಒಂದೇ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆ 2004ರಲ್ಲಿ 25,000 ಡಾಲರಿನ ಮಿತಿಯೊಂದಿಗೆ ಆರಂಭವಾಯಿತು. 2013ರಲ್ಲಿ ರೂಪಾಯಿ ಕುಸಿದಾಗ ಈ ಹಣದಿಂದ ಹೊರದೇಶದಲ್ಲಿ ಸ್ಥಿರಾಸ್ತಿ ಕೊಳ್ಳುವುದನ್ನೇ ನಿಲ್ಲಿಸಿ, ಮರುವರ್ಷ ಮತ್ತೆ ಬಿಟ್ಟರು. 2015ರಿಂದ ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್ ಕಳುಹಿಸಬಹುದು. ಅದು ಎರಡು ಕೋಟಿ ರೂಪಾಯಿಗೂ ಮಿಕ್ಕಿದ ಮೊತ್ತ. ಆದುದರಿಂದ ಮಿತಿಯ ತೊಡಕು ಈ ಕುಟುಂಬಕ್ಕಿಲ್ಲ. ಆದರೆ 2025ರ ಏಪ್ರಿಲ್ ಒಂದರಿಂದ ವರ್ಷಕ್ಕೆ 10 ಲಕ್ಷ ದಾಟಿದ ಇಂತಹ ರವಾನೆಯ ಮೇಲೆ ಬ್ಯಾಂಕು ಶೇ. 20ರಷ್ಟನ್ನು ತೆರಿಗೆಯ ಬಾಬತ್ತಿಗೆ ಮುಂಗಡವಾಗಿ ಹಿಡಿಯುತ್ತದೆ. ಒಬ್ಬನೇ 60 ಲಕ್ಷ ಕಳುಹಿಸಿದರೆ 50 ಲಕ್ಷದ ಮೇಲೆ 10 ಲಕ್ಷ. ಎಂದರೆ ಕೈಯಲ್ಲಿ 70 ಲಕ್ಷವಿರಬೇಕು. ಆ 10 ಲಕ್ಷ ಕಳೆದುಹೋಗುವುದಿಲ್ಲ; ವರ್ಷಾಂತ್ಯದ ತೆರಿಗೆಯಲ್ಲಿ ವಜಾ ಆಗುತ್ತದೆ ಅಥವಾ ಮರಳುತ್ತದೆ. ಆದರೆ ಅಲ್ಲಿಯವರೆಗೆ ಅದು ನಿಮ್ಮ ಕೈಯಲ್ಲಿಲ್ಲ. ಈ ರವಾನೆಗಾಗಿ ಇಲ್ಲಿಯ ಬ್ಯಾಂಕು ಸಾಲವನ್ನೂ ಕೊಡುವಂತಿಲ್ಲ. ಹೊರದೇಶದ ಮನೆಯನ್ನು ಪ್ರತಿವರ್ಷ ತೆರಿಗೆಯ ವಿವರಪತ್ರದಲ್ಲಿ ತೋರಿಸತಕ್ಕದ್ದು. ತೋರಿಸದವನಿಗೆ 2015ರ ಕಪ್ಪುಹಣದ ಕಾಯಿದೆಯಂತೆ 10 ಲಕ್ಷ ರೂಪಾಯಿ ದಂಡ ಬೀಳಬಹುದು.

"ಹಂಗಾದ್ರ ನಮ್ಮ ದೇಶದ ದ್ವೀಪದಾಗs ತಗೊಂಡ್ರ?" ಎಂದು ಮಾಸ್ತರರು ಕೇಳಿದರು. ಲಕ್ಷದ್ವೀಪದಲ್ಲಿ ಹೊರಗಿನವನು ಕಾಲಿಡುವುದಕ್ಕೇ ಪರವಾನಗಿ ಬೇಕು, ನೆಲವನ್ನು ಕೊಳ್ಳುವ ಮಾತು ದೂರ. ಅದರ ಅಮಿನದಿವಿ ದ್ವೀಪಗಳು 1956ರವರೆಗೆ ಮಂಗಳೂರಿನಲ್ಲಿದ್ದ ದಕ್ಷಿಣ ಕನ್ನಡದ ಕಲೆಕ್ಟರರ ಆಡಳಿತದಲ್ಲಿದ್ದವು ಎಂಬುದು ಈಗ ಎಷ್ಟು ಜನರಿಗೆ ನೆನಪಿದೆಯೋ ಕಾಣೆ.

ನಮ್ಮ ಜಿಲ್ಲೆಯ ಕೃಷ್ಣೆಯಲ್ಲಿಯೂ ನಡುಗಡ್ಡೆಗಳಿವೆಯಷ್ಟೆ. ರಾಯಚೂರು ತಾಲೂಕಿನ ಕುರುವಪುರ, ನಾರದಗಡ್ಡೆ. ಮೇಲುಗಡೆ ಲಿಂಗಸುಗೂರು ತಾಲೂಕಿನ ಜಲದುರ್ಗ, ಕರಕಲಗಡ್ಡಿ, ಮ್ಯಾದರಗಡ್ಡಿ. ಪಾಠಶಾಲೆಯ ದಿನಗಳಲ್ಲಿ ಹರಿಗೋಲಿನಲ್ಲಿ ಕುಳಿತು ನಾರದಗಡ್ಡೆಗೆ ಹೋದದ್ದು ನಮ್ಮಿಬ್ಬರಿಗೂ ನೆನಪಾಯಿತು. ಮಾಸ್ತರರು ಆಗ ಹೆದರಿ ನನ್ನ ಧೋತರದ ಅಂಚನ್ನು ಬಿಟ್ಟಿರಲಿಲ್ಲ. 2019ರ ಆಗಸ್ಟಿನಲ್ಲಿ ನಾರಾಯಣಪುರದ ಜಲಾಶಯದಿಂದ ನೀರು ಬಿಟ್ಟಾಗ ದೇವದುರ್ಗ ತಾಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿತು. ಮೇಲಿನ ಗಡ್ಡಿಗಳಲ್ಲಿ ಇಂತಹ ಪ್ರವಾಹ ಬಂದಾಗಲೆಲ್ಲ ದನಕರು ಬಿಟ್ಟು ಬರಲಾರೆವೆಂದು ಅಲ್ಲಿಯೇ ಉಳಿಯುವ ಕುಟುಂಬಗಳಿವೆ. ಅಧಿಕಾರಿಗಳು ದಡದಲ್ಲಿ ನಿಂತು ಬನ್ನಿರೆಂದು ಕರೆದರೂ ಬರುವುದಿಲ್ಲ. ಅದನ್ನು ಹಟವೆಂದು ನಾವು ಪೇಟೆಯಲ್ಲಿ ಕುಳಿತು ಹೇಳುತ್ತೇವೆ. ಆ ನೆಲದಿಂದ ತಮ್ಮನ್ನು ಯಾರೂ ಎಬ್ಬಿಸುವಂತಿಲ್ಲವೆಂಬ ಧೈರ್ಯವೂ ಅದರಲ್ಲಿರಬಹುದೆಂದು ಈ ಕರಾರು ಪತ್ರವನ್ನು ಓದಿದ ಮೇಲೆ ನನಗೆ ತೋರಿತು.

ಇಷ್ಟೆಲ್ಲ ಆದ ಮೇಲೆ ನಾನು ಕೇಳಲೇಬೇಕಾಗಿದ್ದ ಒಂದು ಪ್ರಶ್ನೆ ಉಳಿದಿತ್ತು. ಕೇಳಲು ಸಂಕೋಚವಾಯಿತು. ಆದರೂ ಕೇಳಿದೆ: "ಹೊಲ ಯಾರ ಹೆಸರಿನಲ್ಲಿದೆ?"

"ನಮ್ಮಪ್ಪನ ಕಾಲದ್ದು. ಪಹಣಿ ನನ್ನ ಹೆಸರಿಗೈತಿ."

"ಮಗಳಿಗೆ ತಿಳಿಸಿದ್ದೀರಾ?"

ಮಾಸ್ತರರು ಸುಮ್ಮನಾದರು. ಮಗಳನ್ನು ದೇವದುರ್ಗಕ್ಕೆ ಕೊಟ್ಟಿದ್ದಾರೆ. ಅಳಿಯನದು ಸಣ್ಣ ಕಿರಾಣಿ ಅಂಗಡಿ. ಮದುವೆಯಲ್ಲಿ ಕೊಡಬೇಕಾದದ್ದನ್ನು ಕೊಟ್ಟಾಗಿದೆ ಎಂಬುದು ಅವರ ಎಣಿಕೆಯಾಗಿತ್ತು. ಕಾಯಿದೆಯ ಎಣಿಕೆ ಹಾಗಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವ, ಲಿಂಗಾಯತ ಎಂದು ಹೆಸರೆತ್ತಿಯೇ ನಮ್ಮನ್ನು ಒಳಗೊಂಡಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಗಳಿಗೆ ಹುಟ್ಟಿನಿಂದಲೇ ಸಮಪಾಲು ಎಂಬುದನ್ನು ಕರ್ನಾಟಕವು 1994ರಲ್ಲಿ ಕೆಲವು ಮಿತಿಗಳೊಂದಿಗೆ, ಕೇಂದ್ರವು 2005ರಲ್ಲಿ ಮದುವೆಯಾದವಳೆಂಬ ಭೇದವಿಲ್ಲದೆ ವಿಧಿಸಿತು. 2020ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಉಳಿದಿದ್ದ ಸಂಶಯವನ್ನೂ ತೆಗೆದುಹಾಕಿತು. ಆದುದರಿಂದ ಮಗನು ಮಾರಲು ಹೊರಟ ನಾಲ್ಕು ಎಕರೆಯಲ್ಲಿ ತಂಗಿಯ ಪಾಲೂ ಸೇರಿದೆ. ಆ ಕಡಲ ತೀರದ ಮನೆಯ ಗೋಡೆಗಳಲ್ಲಿ ಆಕೆಯ ಹಣವೂ ಇರುತ್ತದೆ, ಹೆಸರು ಇರುವುದಿಲ್ಲ. ಕಾಯಿದೆಯನ್ನು ಪಕ್ಕಕ್ಕಿಟ್ಟು ನೋಡಿದರೂ ಅಣ್ಣನೊಬ್ಬನು ತಂಗಿಯನ್ನು ಒಂದು ಮಾತು ಕೇಳದೆ ಮಾಡುವ ಕೆಲಸವಲ್ಲ ಇದು. ನಾನು ಇದನ್ನು ಹುಡುಗನಿಗೂ ನೇರವಾಗಿ ಹೇಳಿದೆ. ಗೇಣಿ, ಪರವಾನಗಿ, ತೆರಿಗೆ ಎಲ್ಲಕ್ಕೂ ಒಂದೊಂದು ಉತ್ತರ ಹುಡುಕುತ್ತಿದ್ದವನು ಈ ಮಾತಿಗೆ ಬಹಳ ಹೊತ್ತು ಏನನ್ನೂ ಹೇಳಲಿಲ್ಲ. "ಅದು ನನ್ನ ತಲೆಗೇ ಹೊಳೆದಿರಲಿಲ್ಲ ಕಾಕಾ" ಎಂದನು. ಅದು ನಿಜವೆಂದೇ ನಂಬುತ್ತೇನೆ. ನಮ್ಮ ಅನೇಕ ಮನೆಗಳಲ್ಲಿ ಅದು ಯಾರ ತಲೆಗೂ ಹೊಳೆಯುವುದಿಲ್ಲ.

ದೀಪಾವಳಿಗೆ ಅಣ್ಣನು ದೇವದುರ್ಗಕ್ಕೆ ಹೋಗಿ ಬಂದನಂತೆ. ಏನು ಮಾತಾಯಿತೆಂದು ನಾನು ಕೇಳಿಲ್ಲ. ಕಳೆದ ವಾರ ಮಾಸ್ತರರಿಂದ ಕಾಗದ ಬಂದಿದೆ. ಹೊಲ ಸದ್ಯಕ್ಕೆ ಮಾರುವುದಿಲ್ಲ, ಈ ಸಲ ಜೋಳ ಹಾಕಿದ್ದೇವೆ, ಪಹಣಿಯ ಒಂದು ನಕಲನ್ನು ಮಗಳ ಮನೆಗೂ ಕೊಟ್ಟು ಬಂದೆ ಎಂದು ಬರೆದಿದ್ದಾರೆ. ಮುಂಗಡದ ಎರಡು ಲಕ್ಷ ಇನ್ನೂ ಮರಳಿಲ್ಲ. ಕಂಪನಿಯವರು ಮುಂದಿನ ತಿಂಗಳು ಎನ್ನುತ್ತಿದ್ದಾರೆ. ಬೇಸಿಗೆ ರಜೆಯಲ್ಲಿ ಅಣ್ಣ ತಂಗಿಯರ ಮಕ್ಕಳನ್ನೆಲ್ಲ ಕೂಡಿಸಿಕೊಂಡು ಹತ್ತು ದಿನ ಫುಕೆಟ್ಟಿಗೆ ಹೋಗಿ ಬರುವ ವಿಚಾರವಿದೆಯಂತೆ, ಬಾಡಿಗೆಯ ಕೋಣೆಗೆ.