ಬರೆಯದ ಪೆನ್ನನ್ನು ಉಳಿಸಿದಂತಾಯಿತೇ?

ಹಳೆಯ ಫೌಂಟನ್ ಪೆನ್ನುಗಳನ್ನು ಕೂಡಿಡುವವರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಶಾಯಿಯನ್ನೇ ಕಾಣದ, ಬೆಲೆಚೀಟಿಯೂ ಕಳಚದ ಪೆನ್ನೇ ಶ್ರೇಷ್ಠ. ಅದನ್ನು ಪೆಟ್ಟಿಗೆಯಲ್ಲಿಟ್ಟು ಇದ್ದ ಹಾಗೆಯೇ ಮುಂದಿನವರಿಗೆ ದಾಟಿಸುವುದು ಸಂಗ್ರಾಹಕನ ಧರ್ಮ. ಇನ್ನೊಂದು ಪಂಗಡ 1940ರ ದಶಕದ ಪೆನ್ನಿಗೆ ಶಾಯಿ ತುಂಬಿ ದಿನಸಿ ಪಟ್ಟಿಯನ್ನೂ ಬರೆಯುತ್ತದೆ. ಮೊದಲನೆಯವರ ಕಣ್ಣಿಗೆ ಎರಡನೆಯವರು ಪರಂಪರೆಯನ್ನು ಸವೆಸುವವರು. ಹವ್ಯಾಸಿಗಳ ಈ ತಕರಾರು ಚಿಕ್ಕದಾದರೂ ಅದರೊಳಗಿನ ಪ್ರಶ್ನೆ ಚಿಕ್ಕದಲ್ಲ. ಉಪಕರಣವೊಂದನ್ನು ಉಳಿಸುವುದೆಂದರೆ ಅದರ ಒಡಲನ್ನು ಉಳಿಸುವುದೋ, ಅದು ಮಾಡುತ್ತಿದ್ದ ಕೆಲಸವನ್ನೋ? ಪೆನ್ನಿನ ಮಟ್ಟಿಗೆ ಹೇಳುವುದಾದರೆ, ಕೆಲಸ ನಿಂತ ಮೇಲೆ ಒಡಲೂ ಬಹುಕಾಲ ಉಳಿಯುವುದಿಲ್ಲ. ಆದ್ದರಿಂದ ದಿನಬಳಕೆಯನ್ನು ಸಂರಕ್ಷಣೆಯ ಶತ್ರುವೆಂದಲ್ಲ, ಅದರ ಮುಖ್ಯ ಉಪಾಯವೆಂದೇ ಎಣಿಸಬೇಕು.

ಪೆಟ್ಟಿಗೆಯಲ್ಲಿಟ್ಟ ಪೆನ್ನು ಬದಲಾಗದೆ ಉಳಿಯುತ್ತದೆ ಎಂಬ ನಂಬಿಕೆಯಿಂದಲೇ ಶುರು ಮಾಡೋಣ. ಅಮೆರಿಕದ ಶೇಫರ್ 1908ರಲ್ಲಿ ಪೇಟೆಂಟ್ ಪಡೆದ, ಶಾಯಿ ತುಂಬುವ ಲಿವರ್ ವಿಧಾನ ಮುಂದೆ ದಶಕಗಳ ಕಾಲ ಚಾಲ್ತಿಯಲ್ಲಿತ್ತು. ಅಂಥ ಪೆನ್ನುಗಳ ಒಳಗೆ ಶಾಯಿ ಹಿಡಿಯುವುದು ಒಂದು ರಬ್ಬರ್ ಚೀಲ. ಬಳಸಿದರೂ ಬಿಟ್ಟರೂ ಅದು ಗಡಸಾಗಿ ಕೊನೆಗೆ ಪುಡಿಯಾಗುತ್ತದೆ. ಅದರಿಂದ ಹೊಮ್ಮುವ ಗಂಧಕದ ಆವಿ ಸೆಲ್ಯುಲಾಯ್ಡ್ ಒಡಲನ್ನು ಒಳಗಿನಿಂದಲೇ ಕಂದಿಸುತ್ತದೆ. ತಿಳಿಹಸಿರು ಪೆನ್ನು ಕಂದುಬಣ್ಣಕ್ಕೆ ತಿರುಗುವುದಕ್ಕೆ ಇದೂ ಒಂದು ಕಾರಣ. ಎಬೊನೈಟ್ ಎಂಬ ಗಡಸು ರಬ್ಬರಿನ ಕಪ್ಪು ಬೆಳಕಿಗೆ ಮಾಸುತ್ತದೆ. ಯಾರೋ ತೊಳೆಯದೆ ಬಿಟ್ಟ ಶಾಯಿ, ಅದನ್ನು ನಿಬ್ಬಿಗೆ ಹರಿಸುವ ನಾಲಿಗೆಯ ಸಂದುಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಇತ್ತ ಬರೆಯುವುದರಿಂದ ಸವೆಯುವ ಭಾಗವಾದರೂ ಯಾವುದು? 14 ಕ್ಯಾರೆಟ್ ಚಿನ್ನದ ನಿಬ್ಬನ್ನು ಶಾಯಿಯ ಆಮ್ಲ ತಿನ್ನುವುದಿಲ್ಲ. ಕಾಗದಕ್ಕೆ ತಾಗುವ ತುದಿಯಲ್ಲಿರುವುದು ಆಸ್ಮಿಯಂ, ಇರಿಡಿಯಂ ಜಾತಿಯ ಲೋಹಗಳ ಗಟ್ಟಿ ಮಿಶ್ರಣ. ಅದು ಸವೆಯಲು ದಶಕಗಳ ಬರವಣಿಗೆ ಬೇಕು. ಅಂದರೆ ಪೆನ್ನನ್ನು ಹಾಳು ಮಾಡುವುದು ಬರವಣಿಗೆಗಿಂತ ಹೆಚ್ಚಾಗಿ ಮರೆವು. ವಾರಕ್ಕೊಮ್ಮೆ ಶಾಯಿ ತುಂಬುವವನಿಗೆ ಚೀಲ ಸೋರುವುದು ಕೂಡಲೇ ಗೊತ್ತಾಗುತ್ತದೆ. ಪೆಟ್ಟಿಗೆಯ ಯಜಮಾನನಿಗೆ ಗೊತ್ತಾಗುವ ಹೊತ್ತಿಗೆ ಬಣ್ಣ ಕೆಟ್ಟಿರುತ್ತದೆ.

ಚೀಲ ಬದಲಿಸಿದರೆ ಮೂಲಸ್ವರೂಪ ಹೋಯಿತಲ್ಲ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಆದರೆ ಈ ಪೆನ್ನುಗಳನ್ನು ಕಟ್ಟಿದ್ದೇ ಬಿಚ್ಚಲು ಬರುವಂತೆ. ಚೀಲವನ್ನು ಅರಗಿನ ಅಂಟಿನಿಂದ ಕೂರಿಸುತ್ತಿದ್ದುದು, ಮುಂದೆ ಹದವಾಗಿ ಬಿಸಿ ಮಾಡಿ, ಬಿಡಿಸಿ, ಹೊಸದನ್ನು ಹಾಕಲು ಅನುಕೂಲವಾಗಲೆಂದೇ. ರಿಪೇರಿ ಈ ಪೆನ್ನಿನ ಸ್ವಭಾವದಲ್ಲೇ ಸೇರಿದೆ. ಆ ರಿಪೇರಿಯ ವಿದ್ಯೆ ಪುಸ್ತಕದಲ್ಲಿ ಬದುಕುವಂಥದ್ದಲ್ಲ. ಭೂತಗನ್ನಡಿಯಡಿ ನಿಬ್ಬಿನ ಎರಡು ಎಸಳುಗಳು ಕೂದಲೆಳೆಯಷ್ಟು ಮೇಲುಕೆಳಗಾಗಿರುವುದನ್ನು ಗುರುತಿಸಿ ಉಗುರಿನಿಂದ ಒತ್ತಿ ಸರಿಪಡಿಸುವುದು, ಎಬೊನೈಟ್ ನಾಲಿಗೆಯನ್ನು ಬಿಸಿನೀರಿನಲ್ಲಿ ಮೆದುಗೊಳಿಸಿ ನಿಬ್ಬಿಗೆ ಅಂಟುವಂತೆ ಕೂರಿಸುವುದು ಕೈಗೆ ಮಾತ್ರ ಗೊತ್ತಿರುವ ಕೆಲಸ. ಕಾಯಿಲೆ ಬಿದ್ದ ಪೆನ್ನುಗಳು ಬರುತ್ತಲೇ ಇದ್ದರೆ ಮಾತ್ರ ಆ ಕೈ ಪಳಗಿರುತ್ತದೆ. ಸ್ವದೇಶಿ ಚಳವಳಿಯ ಕಾಲದಲ್ಲಿ, ಗಾಂಧೀಜಿಯ ಕರೆಗೆ ಓಗೊಟ್ಟು ರಾಜಮಹೇಂದ್ರಿಯಲ್ಲಿ ಹುಟ್ಟಿದ ರತ್ನಂ ಪೆನ್ನಿನ ಕಸುಬು ಈ ಹೊತ್ತಿಗೂ ನಡೆಯುತ್ತಿದೆ. ಅದಕ್ಕೆ ಕಾರಣ ಗಾಜಿನ ಕಪಾಟುಗಳಲ್ಲ, ಎಬೊನೈಟಿನ ಪೆನ್ನು ಕೊಂಡು ಅದರಲ್ಲೇ ಬರೆಯುವ ಜನ.

ಬಳಕೆ ಇನ್ನೊಂದು ಉಪಕಾರವನ್ನೂ ಮಾಡುತ್ತದೆ: ಬೆಲೆಯನ್ನೂ ಯೋಗ್ಯತೆಯನ್ನೂ ಬೇರೆ ಬೇರೆಯಾಗಿ ನೋಡಲು ಕಲಿಸುತ್ತದೆ. ಹರಾಜಿನಲ್ಲಿ ಬಳುಕುವ ನಿಬ್ಬುಗಳಿಗೆ ಭಾರೀ ಗಿರಾಕಿ. ಒತ್ತಿದರೆ ಸೀಳು ಅಗಲವಾಗಿ ದಪ್ಪ ಗೆರೆ, ಬಿಟ್ಟರೆ ಎಳೆ ಗೆರೆ. ಕೆಳಮುಖದ ಗೆರೆ ದಪ್ಪ, ಮೇಲ್ಮುಖದ್ದು ತೆಳು ಎಂಬ ಇಂಗ್ಲಿಷ್ ಕೂಡಕ್ಷರದ ಲೆಕ್ಕಕ್ಕೆ ಅದು ಹೊಂದುತ್ತದೆ. ಅದೇ ನಿಬ್ಬಿನಲ್ಲಿ ‘ಠ’ ಬರೆದು ನೋಡಬೇಕು. ದುಂಡಗೆ ಸುತ್ತಿ ಮೇಲಕ್ಕೆ ತಳ್ಳುವಾಗ ಸೂಜಿಯಂಥ ತುದಿ ಕಾಗದದ ನಾರನ್ನು ಕೆದಕುತ್ತದೆ. ಕೊಂಬು, ಸುಳಿ, ಒತ್ತಕ್ಷರಗಳಲ್ಲಿ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ನಮ್ಮ ಲಿಪಿಗೆ ಬೇಕಾದದ್ದು ಗಡುಸಾದ, ದುಂಡು ತುದಿಯ ನಿಬ್ಬು. 1941ರಲ್ಲಿ ಮಾರುಕಟ್ಟೆಗೆ ಬಂದು ಲಕ್ಷಗಟ್ಟಲೆ ಮಾರಾಟವಾದ ಪಾರ್ಕರ್ 51 ಅಂಥದ್ದು. ಬಳುಕುವ ನಿಬ್ಬಿನ ಭಕ್ತರು ಅದನ್ನು ಮೊಳೆಯೆಂದು ಜರೆದರೂ ಕನ್ನಡದ ಬಳ್ಳಿಯಕ್ಷರ ಅದರಿಂದ ತಡೆಯಿಲ್ಲದೆ ಇಳಿಯುತ್ತದೆ. ನಿಬ್ಬಿನ ಮೇಲೆ ಮುಸುಕಿರುವುದರಿಂದ ಶಾಯಿ ಬೇಗ ಒಣಗುವುದೂ ಇಲ್ಲ. ಕೇವಲ ಬೆಲೆಪಟ್ಟಿ ನೋಡಿ ಕೊಳ್ಳುವವನಿಗೆ ಈ ವಿವೇಕ ಎಂದಿಗೂ ದಕ್ಕದು.

ಇದೆಲ್ಲ ಬಿಡುವಿದ್ದವರ ಶೋಕಿ, ಹತ್ತು ರೂಪಾಯಿಯ ಬಾಲ್‌ಪೆನ್ನು ಸಾಲದೇ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕಾರ್ಬನ್ ಪ್ರತಿ ತೆಗೆಯಲು ಇಂಕ್ ಪೆನ್ನು ಬಾರದು. ತೆಳು ಕಾಗದದಲ್ಲಿ ಶಾಯಿ ಹರಡುತ್ತದೆ. ಸಾಮಾನ್ಯ ನೀಲಿ ಶಾಯಿಯಲ್ಲಿ ಬರೆದ ಪತ್ರಕ್ಕೆ ನೀರು ಬಿದ್ದರೆ ಮುಗಿಯಿತು. ಇಂಕ್ ಪೆನ್ನಿನಿಂದ ಅಕ್ಷರ ಮುತ್ತಿನಂತಾಗುತ್ತದೆ, ಚಿಂತನೆ ಆಳವಾಗುತ್ತದೆ ಎಂಬ ಹೊಗಳಿಕೆಯನ್ನೂ ಬಿಟ್ಟುಬಿಡೋಣ. ಕೆಟ್ಟ ಅಕ್ಷರ ಚಿನ್ನದ ನಿಬ್ಬಿನಲ್ಲೂ ಕೆಟ್ಟದ್ದೇ. ಉಳಿಯುವ ಮಾತು ಇಷ್ಟು. ಬಾಲ್‌ಪೆನ್ನಿನ ಶಾಯಿ ಮಂದ, ಗುಂಡು ಉರುಳಲು ಕೈ ಒತ್ತಬೇಕು. ಇಂಕ್ ಪೆನ್ನಿನ ಶಾಯಿ ತೆಳು, ಕಾಗದ ಮುಟ್ಟಿದರೆ ಸಾಕು, ಕೇಶಾಕರ್ಷಣೆಯಿಂದ ತಾನೇ ಇಳಿಯುತ್ತದೆ. ಪುಟಗಟ್ಟಲೆ ಬರೆಯುವವರ ಬೆರಳಿಗೆ ಇದು ಸಣ್ಣ ಲಾಭವಲ್ಲ. ಶೋಕಿಯ ಮಾತಿಗೆ ಬಂದರೆ, ಬರೆಯಲೆಂದು ಒಂದನ್ನು ಕೊಂಡವನಿಗಿಂತ ಮುಟ್ಟದೆ ಇಡಲೆಂದು ಐವತ್ತನ್ನು ಕೊಂಡವನಿಗೇ ಅದು ಹೆಚ್ಚು ಒಪ್ಪುತ್ತದೆ.

ಗಟ್ಟಿಯಾದ ಆಕ್ಷೇಪ ಒಂದೇ: ಕೆಲವು ಪೆನ್ನುಗಳು ನಿಜಕ್ಕೂ ಒಂದೇ ಒಂದು. ಐನ್‌ಸ್ಟೈನ್ ಬಳಸಿದ ಪೆನ್ನು ನೆದರ್ಲೆಂಡ್ಸಿನ ಲೈಡನ್ ನಗರದ ಬೂರ್ಹಾವೆ ಮ್ಯೂಸಿಯಂನಲ್ಲಿದೆ. ಅದಕ್ಕೆ ಶಾಯಿ ತುಂಬಿ ಎಂದು ಯಾರೂ ಹೇಳಲಾರರು. ಅಲ್ಲಿ ಉಳಿಸುತ್ತಿರುವುದು ಪೆನ್ನನ್ನಲ್ಲ, ಒಬ್ಬ ವ್ಯಕ್ತಿಯ ಕುರುಹನ್ನು. ಹಾಗೆಯೇ ಪ್ರಯೋಗಕ್ಕೆಂದು ಮಾಡಿದ ಮಾದರಿಗಳು, ಬಿರುಕುಬಿಟ್ಟ ಸೆಲ್ಯುಲಾಯ್ಡ್ ಪೆನ್ನುಗಳು ಕಪಾಟಿನಲ್ಲೇ ಇರಲಿ. ಆದರೆ ಈ ಅಪವಾದವನ್ನು ಕಾರ್ಖಾನೆಯಿಂದ ಲಕ್ಷಗಟ್ಟಲೆ ಹೊರಬಿದ್ದ ಪೆನ್ನುಗಳಿಗೂ ಹಿಗ್ಗಿಸುವುದು ತರ್ಕವಲ್ಲ, ಆಸ್ತಿಯ ಮೋಹ. ಅವುಗಳ ವಿಷಯದಲ್ಲಿ ಸಂಗ್ರಾಹಕನ ಹೊಣೆ ಸರಳ: ತೊಳೆದು ಬಳಸಲಾಗುವಷ್ಟನ್ನು ಮಾತ್ರ ಇಟ್ಟುಕೊಳ್ಳುವುದು, ಉಳಿದದ್ದನ್ನು ಬರೆಯುವವರ ಕೈಗೆ ದಾಟಿಸುವುದು. ಸಂಗ್ರಹ ಚಿಕ್ಕದಾಗಬಹುದು, ಆದರೆ ರಿಪೇರಿಯವನಿಗೆ ಕೆಲಸ, ಶಾಯಿ ಮಾಡುವವನಿಗೆ ಗಿರಾಕಿ, ಪೆನ್ನಿಗೆ ಆಯಸ್ಸು ಸಿಗುವುದು ಆ ದಾರಿಯಲ್ಲೇ.