ನಾಯಿಮರಿಯನ್ನು ಸಾಕತಕ್ಕವರು ಯಾರು?

ಬೀದಿಯಲ್ಲಿ ಕಂಡ ನಾಯಿಮರಿಯನ್ನು ಹೆಣ್ಣುಮಕ್ಕಳು ಎತ್ತಿಕೊಂಡು ಮನೆಗೆ ಬರುವುದು ನಮ್ಮ ಊರಿನಲ್ಲಿ ಹೊಸ ಸಂಗತಿಯಲ್ಲ. ಕಾರ್ತಿಕ ಮಾರ್ಗಶಿರದ ಚಳಿಯಲ್ಲಿ ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿಯೂ, ಗಾಂಧಿ ಬಜಾರಿನ ಹಿಂದಿನ ಓಣಿಗಳಲ್ಲಿಯೂ, ಚಾಮರಾಜಪೇಟೆಯ ಮೋರಿಗಳ ಬದಿಯಲ್ಲಿಯೂ ಮರಿಗಳಿಗೆ ಕೊರತೆಯಿಲ್ಲ. ತಾಯಿಯು "ಹೊರಗೆ ಬಿಟ್ಟು ಬಾ" ಎನ್ನುವುದೂ, ಮಗಳು ಅಳುವುದೂ, ತಂದೆಯು ವೃತ್ತಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುವುದೂ ಹಳೆಯ ಕಥೆಯೇ. ಈ ವಿಚಾರದಲ್ಲಿ ನನ್ನ ಅಭಿಪ್ರಾಯವನ್ನು ಮೊದಲೇ ಅರಿಕೆ ಮಾಡಿಬಿಡುತ್ತೇನೆ. ಇಂಥ ಮರಿಯನ್ನು ಮನೆಗೆ ಸೇರಿಸಿಕೊಳ್ಳುವುದು ಒಳ್ಳೆಯ ಕಾರ್ಯವೇ ಸರಿ. ಆದರೆ ಸೇರಿಸಿಕೊಳ್ಳತಕ್ಕವಳು ಮಗಳೊಬ್ಬಳಲ್ಲ, ಮನೆಯವರೆಲ್ಲರೂ. ಮಗಳೊಬ್ಬಳ ಹೆಸರಿನಲ್ಲಿ ಬಂದ ನಾಯಿಯು ಅರ್ಧದಾರಿಯಲ್ಲಿ ಅನಾಥವಾಗುವ ಸಂಭವವೇ ಹೆಚ್ಚು.

ಬೆರಕೆ ಮರಿಯನ್ನು ನಮ್ಮ ಜನರು ಕಂತ್ರಿಯೆಂದು ಹಳಿಯುತ್ತಾರೆ. ಈ ಮಾತು ಇಂಗ್ಲಿಷಿನ 'ಕಂಟ್ರಿ'ಯಿಂದ ಬಂದುದೆಂದು ಹೇಳುವುದುಂಟು. ಹಾಗಾದರೆ ಅದರ ಅರ್ಥ ನಾಡಿನದು ಎಂದಷ್ಟೆ. ನಾಡಿನದೆಂಬುದೇ ಬೈಗುಳವಾದುದು ನಾಯಿಯ ತಪ್ಪಲ್ಲ. ಜಾತಿನಾಯಿಯೇ ಬೇಕೆಂದು ಸಾವಿರಾರು ರೂಪಾಯಿ ತೆತ್ತು, ಶೀತದೇಶದ ದಟ್ಟ ಕೂದಲಿನ ಪ್ರಾಣಿಯನ್ನು ತಂದು ಮೂರನೆಯ ಅಂತಸ್ತಿನಲ್ಲಿ ಕಟ್ಟಿಹಾಕುವವರನ್ನು ಕಂಡಿದ್ದೇವೆ. ಹತ್ತಿರದ ರಕ್ತಸಂಬಂಧದಲ್ಲಿಯೇ ಮರಿಹಾಕಿಸಿದ ನಾಯಿಗಳಿಗೆ ವಂಶಪಾರಂಪರ್ಯವಾದ ರೋಗಗಳು ಹೆಚ್ಚು. 2022ರಲ್ಲಿ ತೆರೆಕಂಡ '777 ಚಾರ್ಲಿ' ಎಂಬ ಕನ್ನಡ ಚಲಚ್ಚಿತ್ರವು ಈ ವ್ಯಾಪಾರದ ಕ್ರೌರ್ಯವನ್ನು ತೋರಿಸಿ ಅನೇಕರನ್ನು ಅಳಿಸಿತು. ಅತ್ತವರಲ್ಲಿ ಕೆಲವರು ಮರುದಿನ ಅದೇ ಜಾತಿಯ ಮರಿ ಎಲ್ಲಿ ದೊರೆಯುವುದೆಂದು ವಿಚಾರಿಸಿದ್ದರೆ ನನಗೆ ಆಶ್ಚರ್ಯವಿಲ್ಲ. ಬೆರಕೆ ಮರಿಗೆ ರೋಗವೇ ಬಾರದೆಂದು ನಾನು ಹೇಳುವುದಿಲ್ಲ. ಆದರೆ ಈ ಊರಿನ ಬಿಸಿಲಿಗೂ ಮಳೆಗೂ ಅದು ಪರಕೀಯವಲ್ಲ.

ನಾಯಿಯನ್ನು ಬಹುಮಾನವಾಗಿ ಬೇಡಿ ಪಡೆದವನೊಬ್ಬನ ವೃತ್ತಾಂತವು ಕನ್ನಡನಾಡಿನಲ್ಲಿ ಕಲ್ಲಿನ ಮೇಲೆಯೇ ಇರುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ ಆ ಶಾಸನವು ಸುಮಾರು ಕ್ರಿ.ಶ. 950ರದು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲರನೆಂಬ ವೀರನಿಗೆ ದೊರೆಯು ಬೇಕಾದುದನ್ನು ಬೇಡೆಂದಾಗ, ಆತನು ಕಾಳಿಯೆಂಬ ನಾಯಿಯನ್ನು ಬೇಡಿದನು. ಆ ನಾಯಿಯು ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಲಾಯಿತು. ಬಹುಮಾನವಾಗಿ ಬಂದ ಪ್ರಾಣಿಯ ಹೊಣೆಯು ಅದು ಸತ್ತ ಮೇಲೂ ಮುಗಿಯಲಿಲ್ಲ. ನಮ್ಮಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗಳಿಗೆ ಬಹುಮಾನವೆಂದು ಮರಿ ತಂದುಕೊಡುವ ತಂದೆಯರ ಹೊಣೆಯು ಎಷ್ಟೋ ವೇಳೆ ಬೇಸಿಗೆಯ ರಜೆಯೊಡನೆ ಮುಗಿಯುತ್ತದೆ.

ಇಂಥ ಮರಿಯ ಪ್ರೀತಿಯನ್ನು ಕುರಿತು ಯಾರನ್ನೂ ಎಚ್ಚರಿಸಬೇಕಾದುದಿಲ್ಲ. ಎಚ್ಚರಿಸಬೇಕಾದುದು ಅದರ ಚೈತನ್ಯವನ್ನು ಕುರಿತು. ಎರಡು ತಿಂಗಳ ಮರಿಯು ದಿನದ ಬಹುಭಾಗವನ್ನು ನಿದ್ರೆಯಲ್ಲಿ ಕಳೆಯುವುದರಿಂದ ಆಗ ಅದು ಎಲ್ಲರಿಗೂ ಮುದ್ದು. ನಾಲ್ಕರಿಂದ ಆರನೆಯ ತಿಂಗಳೊಳಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುವಾಗ ಅದು ಕಚ್ಚದೆ ಇರಲಾರದು. ಚಪ್ಪಲಿ, ಸೀರೆಯ ಸೆರಗು, ಅಜ್ಜನ ಕನ್ನಡಕದ ಡಬ್ಬಿ, ಮೇಜಿನ ಕಾಲು ಎಲ್ಲವೂ ಒಂದೇ. ಎಂಟನೆಯ ತಿಂಗಳಿಗೆ ಹರೆಯ ಬಂದಿತೆಂದರೆ ಕರೆದರೆ ಬಾರದು. ಬಂದ ಅತಿಥಿಗಳ ಎದೆಯ ಮೇಲೆ ಎರಡು ಕಾಲನ್ನೂ ಇಟ್ಟು ಸಂತೋಷ ತೋರಿಸುತ್ತದೆ. ಎಷ್ಟೋ ಮರಿಗಳು ಕೆಟ್ಟ ನಾಯಿಯೆನಿಸಿಕೊಂಡು ಮತ್ತೆ ಬೀದಿಗೆ ಬೀಳುವುದು ಈ ಕಾಲದಲ್ಲಿಯೇ. ವಾಸ್ತವದಲ್ಲಿ ನಾಯಿ ಕೆಟ್ಟಿರುವುದಿಲ್ಲ, ಅದಕ್ಕೆ ಓಡಲು ಎಡೆಯಿರುವುದಿಲ್ಲ. ಹಿಂದೆ ಬಸವನಗುಡಿಯ ಮನೆಗಳಿಗೆ ಹಿತ್ತಲೂ ಬಾವಿಕಟ್ಟೆಯೂ ಇದ್ದುವು. ಆ ನಿವೇಶನಗಳಲ್ಲಿ ಈಗ ಎಷ್ಟೋ ಕಡೆ ನಾಲ್ಕು ಅಂತಸ್ತುಗಳು ಎದ್ದಿವೆ. ಆದುದರಿಂದ ಬೆಳಿಗ್ಗೆಯೂ ಸಂಜೆಯೂ ಹಗ್ಗ ಹಿಡಿದು ಅದನ್ನು ನಡೆಸತಕ್ಕದ್ದು. ಮಳೆ ಬಂದರೂ, ಮನೆಗೆ ನೆಂಟರು ಬಂದರೂ ಇದು ತಪ್ಪಕೂಡದು. ಹೊಡೆತದಿಂದ ಮರಿಯು ಕಲಿಯುವುದು ಭಯವನ್ನು ಮಾತ್ರ. ಕುಳಿತುಕೋ ಎಂದಾಗ ಕುಳಿತರೆ ಒಂದು ಚೂರು ತಿಂಡಿ ಕೊಡುವ ಉಪಾಯವೇ ಮೇಲು, ಅದೂ ಮನೆಯವರೆಲ್ಲರೂ ಒಂದೇ ಮಾತನ್ನು ಬಳಸಿದರೆ. ಒಬ್ಬರು ಸೋಫಾದ ಮೇಲೆ ಕೂರಿಸಿ ಮತ್ತೊಬ್ಬರು ಗದರಿದರೆ ನಾಯಿಯಿರಲಿ, ಮಗುವಿಗೂ ನೀತಿ ತಿಳಿಯದು.

ಆಹಾರದ ಮಾತೂ ಇದೆ. ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಮೊಸರನ್ನವೇ ಸಾಕೆಂಬ ಭಾವನೆಯುಂಟು. ಬೆಳೆಯುವ ಮರಿಗೆ ಅಷ್ಟು ಸಾಲದು. ಮೊಟ್ಟೆಯನ್ನಾದರೂ, ಅಂಗಡಿಯಲ್ಲಿ ದೊರೆಯುವ ನಾಯಿಯ ಆಹಾರವನ್ನಾದರೂ ಒಳಗೆ ಬರಗೊಡಲು ಅಜ್ಜಿಯ ಸಮ್ಮತಿ ಮೊದಲೇ ದೊರೆತಿರಬೇಕು. ಈರುಳ್ಳಿ ಹಾಕಿದ ಹುಳಿಯನ್ನು ಕಲಸಿ ಹಾಕುವುದು ಪ್ರೀತಿಯಲ್ಲ. ಈರುಳ್ಳಿಯೂ ದ್ರಾಕ್ಷಿಯೂ ಚಾಕಲೇಟೂ ನಾಯಿಗೆ ವಿಷ.

ಈಗ ಮುಖ್ಯವಾದ ಸಂಗತಿಗೆ ಬರುತ್ತೇನೆ. ನಾಯಿಯು ಹತ್ತರಿಂದ ಹದಿನೈದು ವರ್ಷ ಬದುಕುತ್ತದೆ. ಎಂಟನೆಯ ತರಗತಿಯ ಹುಡುಗಿ ತಂದ ಮರಿಗೆ ಮುಪ್ಪು ಬರುವಾಗ ಆಕೆಗೆ ಇಪ್ಪತ್ತೈದು ದಾಟಿರುತ್ತದೆ. ಅಷ್ಟರಲ್ಲಿ ಆಕೆ ಕಾಲೇಜು ಸೇರುವಳು, ಪರಸ್ಥಳದಲ್ಲಿ ಉದ್ಯೋಗ ಹಿಡಿಯುವಳು, ವಿವಾಹವಾಗುವಳು. ಅಡಿಗೆ, ಬಟ್ಟೆ, ಅತ್ತೆಮಾವಂದಿರ ಔಷಧಿಗಳ ಜೊತೆಗೆ ನಾಯಿಯ ಕೆಲಸವೂ ತಾಯಿಯ ಪಾಲಿಗೆ ಬೀಳುವುದು. "ಬಿಟ್ಟು ಬಾ" ಎಂದ ತಾಯಿಯನ್ನು ನಾವು ಕಠಿಣಳೆನ್ನುತ್ತೇವೆ. ಆಕೆ ಲೆಕ್ಕವನ್ನು ಬಲ್ಲವಳೆಂಬುದನ್ನು ಮರೆಯುತ್ತೇವೆ. ಮರಿ ಬರುವ ಮೊದಲೇ ಯಾರು ನಡೆಸುವರು, ಯಾರು ಲಸಿಕೆಗೆ ಕರೆದೊಯ್ಯುವರು, ಮಗಳು ಹೊರಟ ಮೇಲೆ ಯಾರು ನೋಡುವರೆಂದು ಮಾತಾಗತಕ್ಕದ್ದು. ಅದರಲ್ಲಿ ತಂದೆಗೂ ಗಂಡುಮಕ್ಕಳಿಗೂ ಪಾಲಿರಬೇಕು. ಇದಕ್ಕೆ ಅವರು ಒಪ್ಪದಿದ್ದರೆ ಮರಿಯನ್ನು ತರದಿರುವುದೇ ದಯೆ. ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣ ಶಾಸನದ ಮೇರೆಗೆ ಅಪರಾಧವೂ ಹೌದು.

ನಾಯಿಯೆಂದರೆ ಹೆದರುವ ಪೋಷಕರನ್ನು ನಾನು ಹಗುರಾಗಿ ಕಾಣುವುದಿಲ್ಲ. 2007ರಲ್ಲಿ ಈ ನಗರದಲ್ಲಿ ಬೀದಿನಾಯಿಗಳ ಬಾಯಿಗೆ ಸಿಕ್ಕಿ ಮಕ್ಕಳು ಸತ್ತುದನ್ನು ಯಾರು ಮರೆತಾರು? ಆಗಿನ ಮಹಾನಗರ ಪಾಲಿಕೆಯ 2023ರ ಗಣತಿಯಲ್ಲಿ ಬೀದಿನಾಯಿಗಳು ಸುಮಾರು 2.79 ಲಕ್ಷವಿದ್ದುವು. ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 7ರಂದು, ಶಾಲೆ ಆಸ್ಪತ್ರೆಗಳ ಆವರಣದಿಂದ ನಾಯಿಗಳನ್ನು ತೆಗೆಯಿಸಬೇಕೆಂದು ಆಜ್ಞೆ ಮಾಡಿತು. ಶಾಲೆಯ ಗೇಟಿನ ಬಳಿ ಬುತ್ತಿಯ ತುತ್ತನ್ನು ಮರಿಗೆ ಹಾಕಿ ಮನೆಗೆ ಹೋಗಿಬಿಡುವ ಕರುಣೆಯು ಆದುದರಿಂದ ಮರಿಗೆ ನೆಲೆಯಾಗದು. ಅದೇ ನ್ಯಾಯಾಲಯವು ಆ ವರ್ಷದ ಆಗಸ್ಟ್ 22ರ ಆಜ್ಞೆಯಲ್ಲಿ, ಬೀದಿನಾಯಿಯನ್ನು ಸಾಕಿಕೊಳ್ಳಬಯಸುವವರಿಗೆ ಅವಕಾಶವಿತ್ತು, ಅದು ಮತ್ತೆ ಬೀದಿಗೆ ಬಾರದಂತೆ ನೋಡುವ ಹೊಣೆಯನ್ನು ಅವರ ಮೇಲೆಯೇ ಇರಿಸಿತು. ಇದು ನ್ಯಾಯವೆಂದೇ ನನ್ನ ಮತ. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷವರ್ಷವೂ ಅದೇ, ತಕ್ಕ ವಯಸ್ಸಿನಲ್ಲಿ ಸಂತಾನಶಕ್ತಿಹರಣ ಚಿಕಿತ್ಸೆ: ಇಷ್ಟಾದ ನಾಯಿಯಿಂದ ನೆರೆಹೊರೆಗೆ ಬೀದಿಯ ನಾಯಿಗಿಂತ ಅಪಾಯ ಬಹಳ ಕಡಿಮೆ.

ಮರಿಯನ್ನು ಬೀದಿಯಿಂದಲೇ ಎತ್ತಬೇಕೆಂದಿಲ್ಲ. ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆಯು ತನ್ನ ವೃದ್ಧಾಪ್ಯದಲ್ಲಿ, 1991ರಲ್ಲಿ, ಬೆಂಗಳೂರಿನಲ್ಲಿ ಸ್ಥಾಪಿಸಿದ 'ಕ್ಯೂಪಾ' ಸಂಸ್ಥೆಯೂ ಅಂಥ ಇತರ ಆಶ್ರಯಗಳೂ ರಕ್ಷಿಸಿದ ಮರಿಗಳನ್ನು ಮನೆಗಳಿಗೆ ಕೊಡುತ್ತ ಬಂದಿವೆ. ಅಲ್ಲಿ ಮನೆಯ ವಿಚಾರವನ್ನು ಕೆದಕಿ ಕೇಳಿದರೆ ಸಿಟ್ಟಾಗಬಾರದು. ಮೇಲೆ ಹೇಳಿದ ಪ್ರಶ್ನೆಗಳೇ ಅವು. ಒಂದು ಮಾತನ್ನು ಮಾತ್ರ ಸೇರಿಸುತ್ತೇನೆ. ದೀಪಾವಳಿಯ ವಾರದಲ್ಲಿ ಮರಿಯನ್ನು ತರಬೇಡಿ. ಪಟಾಕಿಯ ಸದ್ದಿಗೆ ಬೆದರಿ, ಇನ್ನೂ ಗುರುತಾಗದ ಮನೆಯಿಂದ ಓಡಿಹೋದ ಮರಿಗೆ ಹಿಂದಿರುಗುವ ದಾರಿ ತಿಳಿಯದು. ಹಬ್ಬ ಕಳೆದು ಹದಿನೈದು ದಿನವಾಗಲಿ. ಅಷ್ಟರಲ್ಲಿ ಅಜ್ಜಿಯ ಸಮ್ಮತಿಯೂ ದೊರೆತೀತು.